ಫೋನು, ಟ್ಯಾಬು ಎರಡೂ ಒಂದರಲ್ಲೇ ಬೇಕೇ?



ಕಮತಗಿ ಭಾಗದ ಸಂಘಗಳಿಗೆ ಬಂದಾಗ ದನದ ಮಾತು ಮುಗಿದ ಮೇಲೆ ಈಚೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಡಾಕ್ಟ್ರ, ಹುಡುಗರಿಗೆ ಓದಾಕ ಟ್ಯಾಬ್ ಬೇಕಂತಾರ, ನನಗೂ ಒಂದ ಫೋನ್ ಬೇಕಾಗೇತಿ. ಎರಡಕ್ಕೂ ರೊಕ್ಕ ಹಾಕೂದ್ರ ಬದ್ಲಿ ಒಂದ ದೊಡ್ಡದ ತಗೊಂಡ್ರ ಆಗೂದಿಲ್ಲೇನ್ರಿ?" ಹಾಲಿನ ಬಟವಾಡೆಯಿಂದಲೋ ಗೃಹಲಕ್ಷ್ಮಿ ಹಣದಿಂದಲೋ ಉಳಿಸಿಟ್ಟ ದುಡ್ಡು ಅದು. ಆದ್ದರಿಂದ ಈ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಡಬೇಕು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಲು ಹಿಂಡುವ ಕೈಯಲ್ಲಿ ಒಂದು ಫೋನು ಇರಬೇಕು, ಅದು ಮನೆ ಬಿಟ್ಟು ಹೋಗಬಾರದು. ಟ್ಯಾಬು ಬೇಕೆನಿಸಿದರೆ ಆಮೇಲೆ, ಬೇರೆಯಾಗಿ. ಎರಡನ್ನೂ ಒಂದು ಮಾಡಿದರೆ ದುಡ್ಡು ಉಳಿಯಬಹುದು, ಆದರೆ ಆ ಒಂದು ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ನೋಡಬೇಕು. ನಾನು ಕಂಡ ಮಟ್ಟಿಗೆ ಮನೆಯಲ್ಲಿರುವ ಒಂದೇ ದೊಡ್ಡ ಫೋನು ಬೆಳಿಗ್ಗೆ ಯಜಮಾನರ ಜೊತೆ ಹೊಲಕ್ಕೋ ಬಾಗಲಕೋಟೆಗೋ ಹೋಗುತ್ತದೆ, ಸಂಜೆ ಮಕ್ಕಳ ಕೈಗೆ ಬರುತ್ತದೆ. ದನದ ಮನೆಯಲ್ಲಿ ದಿನವಿಡೀ ಇರುವವರಿಗೆ ಅದು ಸಿಗುವುದು ಎಲ್ಲರೂ ಮಲಗಿದ ಮೇಲೆ.

ಇದರಲ್ಲಿ ಪಶುವೈದ್ಯರಿಗೆ ಏನು ಕೆಲಸ ಎನ್ನಬೇಡಿ. ಎಮ್ಮೆಗೆ ಹೊಟ್ಟೆ ಉಬ್ಬರ ಆದರೆ, ಎಡಗಡೆ ಹೊಟ್ಟೆ ಡೋಲಿನ ಹಾಗೆ ಬಿಗಿದು ಉಸಿರಾಟ ಕಷ್ಟವಾದರೆ, ಗಂಟೆಗಟ್ಟಲೆ ಕಾಯುವ ಕಾಲಾವಕಾಶ ಇರುವುದಿಲ್ಲ. ಹಾಲು ಜ್ವರವೂ ಹಾಗೆಯೇ. ಹೆಚ್ಚು ಹಾಲು ಕೊಡುವ ಆಕಳು ಕರು ಹಾಕಿದ ಎರಡು ಮೂರು ದಿನದೊಳಗೆ ಎದ್ದು ನಿಲ್ಲದೆ ಕುಸಿದು ಕೂರುತ್ತದೆ, ಕುತ್ತಿಗೆಯನ್ನು ಪಕ್ಕೆಯ ಕಡೆಗೆ ತಿರುಗಿಸಿಕೊಳ್ಳುತ್ತದೆ, ಕಿವಿ ತಣ್ಣಗಾಗುತ್ತವೆ. ಹೊತ್ತಿಗೆ ಸರಿಯಾಗಿ ಕ್ಯಾಲ್ಸಿಯಂ ಕೊಟ್ಟರೆ ಎಷ್ಟೋ ಸಲ ನೋಡುತ್ತಿದ್ದಂತೆಯೇ ಎದ್ದು ನಿಲ್ಲುತ್ತದೆ, ತಡವಾದರೆ ಕಳೆದುಕೊಳ್ಳುತ್ತೇವೆ. ಇಂಥ ಹೊತ್ತಿನಲ್ಲಿ ಬೇಕಾಗುವುದು ದೊಡ್ಡ ಪರದೆಯಲ್ಲ, ಒಂದು ಕರೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಒತ್ತಲು ಬಟನ್ ಫೋನೂ ಸಾಕು. ವೈ-ಫೈ ಮಾತ್ರ ಇರುವ ಟ್ಯಾಬಿನಲ್ಲಿ ಆ ಕರೆ ಹೋಗುವುದೇ ಇಲ್ಲ.

ಇನ್ನೊಂದು ಸಂಗತಿ ಹಾಲಿನ ಲೆಕ್ಕದ್ದು. ಸಂಘದಿಂದ ಬರುವ ಚೀಟಿಯಲ್ಲಿ ಅಥವಾ ಮೊಬೈಲ್ ಸಂದೇಶದಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ ಇರುತ್ತವೆ. ಬಹಳ ಜನ ಕೊನೆಯ ಅಂಕಿ ಮಾತ್ರ ನೋಡುತ್ತಾರೆ. ನಾನು ನೋಡುವುದು ನಡುವಿನ ಎರಡನ್ನು. ನಿನ್ನೆ ಮೊನ್ನೆಯವರೆಗೆ 8.5 ಇದ್ದ ಎಸ್‌ಎನ್‌ಎಫ್ ಮೇವು ಬದಲಾಗದೆಯೇ 8ಕ್ಕೆ ಇಳಿದರೆ ಕೆಚ್ಚಲು ಬಾವು ಒಳಗೊಳಗೇ ಶುರುವಾಗಿರಬಹುದು. ಆಗ ಕೆಚ್ಚಲು ಬಾತಿರುವುದಿಲ್ಲ, ಹಾಲು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಫ್ಯಾಟ್ ಒಮ್ಮೆಲೇ ಬಿದ್ದರೆ ಹಿಂಡಿ ಜಾಸ್ತಿ, ಕಣಕಿ ಕಡಿಮೆ ಆಗಿದೆಯೇ ಎಂದು ನೋಡಬೇಕು. ಈ ಸುದ್ದಿ ಅದೇ ದಿನ ನಿಮಗೆ ತಿಳಿದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಸಂದೇಶ ಇಳಕಲ್‌ನಲ್ಲಿ ಕಾಲೇಜಿಗೆ ಹೋಗುವ ಮಗನ ಫೋನಿಗೆ ಬರುತ್ತಿದ್ದರೆ ಅದನ್ನು ಯಾರೂ ಓದುವುದಿಲ್ಲ. ಅವನಿಗೆ ಅದು ಅಡ್ಡಬರುವ ಇನ್ನೊಂದು ಸಂದೇಶ ಅಷ್ಟೇ. ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನ ಖಾತೆಗೆ ಬಂತೋ ಇಲ್ಲವೋ ಎಂಬುದೂ ಹಾಗೆಯೇ. ಖಾತೆ ನಿಮ್ಮ ಹೆಸರಿನಲ್ಲಿದ್ದು ಬ್ಯಾಂಕಿನ ಒಟಿಪಿ ಬೇರೆಯವರ ಫೋನಿಗೆ ಹೋದರೆ, ಆ ಖಾತೆ ಅರ್ಧ ನಿಮ್ಮದು ಎಂದೇ ತಿಳಿಯಿರಿ.

ಈಗ ದೊಡ್ಡ ಪರದೆಯ ಮಾತು. ಪರದೆಯನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ ಇಷ್ಟು ದೊಡ್ಡ ಹಲಗೆಯನ್ನು ಕಿವಿಗೆ ಹಿಡಿಯುವುದೇ ಎಂದು ನಕ್ಕವರಿದ್ದರು. ಇಂದು ಅಂಗಡಿಯಲ್ಲಿ ಸಿಗುವ ಸಾಧಾರಣ ಫೋನೇ ಆರೂವರೆ ಇಂಚು ದಾಟಿದೆ. ಅಂದರೆ ಫೋನು ಆಗಲೇ ಟ್ಯಾಬಿನ ಅರ್ಧ ದಾರಿಗೆ ಬಂದಾಗಿದೆ. ದನದ ಫೋಟೋ ಕಳಿಸಲು, ವಿಡಿಯೋ ನೋಡಲು, ಕಿವಿ ಬಿಲ್ಲೆಯ 12 ಅಂಕಿ ಓದಲು ಅಷ್ಟು ಧಾರಾಳ ಸಾಕು. ಎಂಟರಿಂದ ಹನ್ನೊಂದು ಇಂಚಿನ ಟ್ಯಾಬು ಬೇಕಾಗುವುದು ಕೂತು ಓದುವವರಿಗೆ, ಅಂದರೆ ಶಾಲೆಯ ಮಕ್ಕಳಿಗೆ, ಕಣ್ಣು ಮಂಜಾದ ಹಿರಿಯರಿಗೆ. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಕರುವಿನ ಹಗ್ಗ ಹಿಡಿದವರು ಅದನ್ನು ಎಲ್ಲಿ ಇಡುವುದು?

ಮಡಚುವ ಫೋನುಗಳೂ ಬಂದಿವೆ. ಮಡಚಿದರೆ ಫೋನು, ಬಿಚ್ಚಿದರೆ ಟ್ಯಾಬು. 2019ರಿಂದ ಮಾರಾಟದಲ್ಲಿವೆ. ಕೇಳಲು ನಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದ ಉತ್ತರ. ಆದರೆ ಪುಸ್ತಕದಂತೆ ಬಿಚ್ಚುವ ದೊಡ್ಡ ಮಾದರಿಯ ಬೆಲೆ ಸಾಮಾನ್ಯವಾಗಿ ಒಂದು ಲಕ್ಷ ದಾಟುತ್ತದೆ, ಒಳ್ಳೆಯ ಹಾಲಿನ ಎಮ್ಮೆಯ ಬೆಲೆ. ಅದರ ಒಳಪರದೆ ಮೆತ್ತಗಿರುತ್ತದೆ, ಮಡಚುವ ಕೀಲಿನೊಳಗೆ ಧೂಳು ಸೇರಿದರೆ ಕೆಟ್ಟಿತು. ನಮ್ಮ ಎರೆಮಣ್ಣಿನ ಧೂಳು, ಹಿಂಡಿಯ ಪುಡಿ, ಹೆಂಡಿ ಹತ್ತಿದ ಬೆರಳು ಇವುಗಳ ನಡುವೆ ಅದು ಬಾಳುವ ವಸ್ತುವಲ್ಲ.

ಹಳ್ಳಿಯವರಿಗೆಂದೇ ಒಂದು ಕೈಯಂತ್ರ ಮಾಡುವ ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆದಿತ್ತು ಎಂಬುದು ಈಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. 1999ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಮತ್ತು ಎನ್ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಲು ಮುಂದಾದರು. ಪರದೆಯನ್ನು ಮುಟ್ಟಿ ಕೆಲಸ ಮಾಡಬೇಕು, ಅಕ್ಷರ ಬಾರದವರಿಗೆ ಅದೇ ಓದಿ ಹೇಳಬೇಕು ಎಂಬ ಯೋಚನೆ. ಅದಕ್ಕಿಂತ ಜಾಣತನದ ಯೋಚನೆ ಎಂದರೆ, ಯಂತ್ರ ಊರಿಗೆ ಒಂದೇ, ಕಾರ್ಡು ಮಾತ್ರ ಒಬ್ಬೊಬ್ಬರಿಗೆ ಒಂದು. ನಿಮ್ಮ ಕಾರ್ಡು ಹಾಕಿದರೆ ನಿಮ್ಮ ಮಾಹಿತಿ, ತೆಗೆದರೆ ಮುಂದಿನವರದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು, ಬೆಲೆ ಹತ್ತು ಸಾವಿರದ ಆಸುಪಾಸು. ಹೆಚ್ಚು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲು ಮನೆಮನೆಗೆ ಬಂದಿತ್ತು. ಜನ ಮೊದಲು ಕೊಂಡದ್ದು ಮಾತಾಡುವ ಯಂತ್ರವನ್ನು.

ಆದರೂ ಹಂಚಿಕೊಳ್ಳುವ ಆ ಯೋಚನೆ ಮನೆಗಿಂತ ಸಂಘಕ್ಕೆ ಚೆನ್ನಾಗಿ ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಮಹಿಳಾ ಸಂಘದ ಕಟ್ಟಡದಲ್ಲಿ ಒಂದು ಹತ್ತಿಂಚಿನ ಟ್ಯಾಬು ಇಟ್ಟರೆ ಹತ್ತು ಜನ ಕೂತು ಕೆಚ್ಚಲು ತೊಳೆಯುವ ಕ್ರಮದ ವಿಡಿಯೋ ನೋಡಬಹುದು. ದೇಶದ ಜಾನುವಾರುಗಳ ಲೆಕ್ಕ ಈಗ 'ಭಾರತ್ ಪಶುಧನ್' ವ್ಯವಸ್ಥೆಯಲ್ಲಿ ಕಿವಿ ಬಿಲ್ಲೆಯ ಸಂಖ್ಯೆಯ ಮೇಲೆ ನಡೆಯುತ್ತದೆ. ನಿಮ್ಮ ಆಕಳಿಗೆ ಕಾಲುಬಾಯಿ ಬೇನೆಯ ಲಸಿಕೆ, ಕೃತಕ ಗರ್ಭಧಾರಣೆ ದಾಖಲಾಗಿದೆಯೇ ಎಂದು ಸಿಬ್ಬಂದಿ ಅದರಲ್ಲೇ ತೆರೆದು ತೋರಿಸಬಹುದು. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಒಬ್ಬರಿಗೆ ಭಾರವಾಗುವ ಖರ್ಚು ಸಂಘಕ್ಕೆ ಭಾರವಲ್ಲ.

ಮನೆಗೆ ಕೊಳ್ಳುವವರಿಗೆ ಕೆಲವು ಮಾತು. ಟ್ಯಾಬಿಗೆ ಸಿಮ್ ಹಾಕಬಹುದು ಎಂದು ಅಂಗಡಿಯವರು ಹೇಳಿದರೆ ಅಲ್ಲಿಯೇ ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ ನೋಡಿ, ಕೆಲವಕ್ಕೆ ಸಿಮ್ ಬರೀ ಇಂಟರ್‌ನೆಟ್ಟಿಗೆ. ಸಿಮ್ ಇಲ್ಲದ ಟ್ಯಾಬು ತಂದರೂ ತೊಂದರೆಯಿಲ್ಲ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಹಚ್ಚಿದರೆ ಮಕ್ಕಳಿಗೆ ಇಂಟರ್‌ನೆಟ್ ಸಿಗುತ್ತದೆ. ಹಾಟ್‌ಸ್ಪಾಟ್ ಆರಿಸಿದರೆ ಆಟವೂ ನಿಲ್ಲುತ್ತದೆ, ಅದೊಂದು ಲಾಭ! ಫೋನಿಗೆ ಆ್ಯಪ್‌ಗಳಿಗಿಂತ ಬ್ಯಾಟರಿ, ಗಟ್ಟಿ ಕವರು, ರಾತ್ರಿ ಕೊಟ್ಟಿಗೆಗೆ ಬೇಕಾಗುವ ಟಾರ್ಚು ನೋಡಿ. ಹಾಲಿನ ಖಾತೆಗೂ ಆಧಾರ್‌ಗೂ ಜೋಡಿಸಿದ ನಂಬರು ನಿಮ್ಮದೇ ಫೋನಿನಲ್ಲಿರಲಿ.

ನಮಗೆ ಫೋಟೋ ಕಳಿಸುವಾಗ ಹಗಲ ಬೆಳಕಿನಲ್ಲಿ ತೆಗೆದು, ಕಿವಿ ಬಿಲ್ಲೆಯದೂ ಒಂದು ಸೇರಿಸಿ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಗಂಟಿನ ಫೋಟೋ ನೋಡಿಯೇ ಆ ದನವನ್ನು ಬೇರೆ ಕಟ್ಟಿಸಲು ಹೇಳಲು ಆಗುತ್ತಿತ್ತು. ಕುಂಟುವುದು, ಉಸಿರಾಟ ಇವಕ್ಕೆ ಫೋಟೋ ಸಾಲದು, ಅರ್ಧ ನಿಮಿಷದ ವಿಡಿಯೋ ಬೇಕು.

ಬೆದೆಯ ದಿನ, ಕೃತಕ ಗರ್ಭಧಾರಣೆಯ ದಿನಗಳನ್ನು ಫೋನಿನಲ್ಲಿ ಬರೆದರೂ ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿ, 21ನೇ ದಿನದ ಸುತ್ತ ಮತ್ತೆ ಬೆದೆಗೆ ಬಂತೇ ಎಂದು ನೋಡಲು ಅದು ಬೇಕು. ಆಕಳಿಗೆ ಒಂಬತ್ತು ತಿಂಗಳು ಚಿಲ್ಲರೆ, ಎಮ್ಮೆಗೆ ಹತ್ತು ತಿಂಗಳು ಚಿಲ್ಲರೆ ಎಣಿಸಿ ಕರು ಹಾಕುವ ದಿನವನ್ನೂ ಅಲ್ಲೇ ಬರೆದಿಡಿ. ಫೋನು ಕಳೆದರೆ ಮೊದಲು ಸಿಮ್ ನಿಲ್ಲಿಸಿ ಅದೇ ನಂಬರಿನ ಹೊಸ ಸಿಮ್ ಪಡೆಯಿರಿ, ಪೊಲೀಸರಿಗೆ ದೂರು ಕೊಟ್ಟು ಕೇಂದ್ರದ 'ಸಂಚಾರ್ ಸಾಥಿ' ಮೂಲಕ ಆ ಫೋನು ಎಲ್ಲಿಯೂ ನಡೆಯದಂತೆ ಮಾಡಿಸಿ. ಖಾತೆಯಿಂದ ಹಣ ಹೋಗಿದೆ ಎನಿಸಿದ ಕೂಡಲೇ 1930ಕ್ಕೆ ಕರೆ ಮಾಡಿ. ಈ ನಂಬರನ್ನೂ 1962ನ್ನೂ ಕೊಟ್ಟಿಗೆಯ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿಡಿ.