ಆಕಾಶದ ಕಲ್ಲು ಭೂಮಿಗೆ ತಾಗೀತೆ?

ಗ್ರಹಣವು ಇಂಥ ದಿನ, ಇಷ್ಟು ಹೊತ್ತಿಗೆ ಸ್ಪರ್ಶ, ಇಷ್ಟು ಹೊತ್ತಿಗೆ ಮೋಕ್ಷ ಎಂದು ಪಂಚಾಂಗವು ವರ್ಷಕ್ಕೆ ಮುಂಚೆಯೇ ತಿಳಿಸುತ್ತದೆ. ಹೀಗಿರಲು, ಭೂಮಿಯ ಸಮೀಪಕ್ಕೆ ಬರುವ ಕ್ಷುದ್ರಗ್ರಹವೊಂದು ನಮಗೆ ತಾಗುವುದೋ ಇಲ್ಲವೋ ಎಂದು ಕೇಳಿದರೆ, ಖಗೋಳಜ್ಞರು ‘ನೂರಕ್ಕೆ ಮೂರು ಪಾಲು’ ಎಂದು ಏಕೆ ಉತ್ತರಿಸಬೇಕು? ಇಂದು ಒಂದು ಅಂಕಿ, ನಾಳೆ ಮತ್ತೊಂದು ಏಕೆ? ಶ್ರೋತೃಗಳ ಈ ಸಂದೇಹವು ಸಹಜವಾದದ್ದು. ಇದನ್ನು ಪರಿಹರಿಸಿಕೊಳ್ಳದಿದ್ದರೆ, ನಿಜವಾದ ಎಚ್ಚರಿಕೆ ಬಂದಾಗಲೂ ನಾವು ಅದನ್ನು ಅಲಕ್ಷ್ಯ ಮಾಡಿಯೇವು.

ಚಂದ್ರನನ್ನು ಮನುಷ್ಯನು ಸಾವಿರಾರು ವರ್ಷಗಳಿಂದ ನೋಡುತ್ತ ಬಂದಿದ್ದಾನೆ. ಹೊಸ ಕ್ಷುದ್ರಗ್ರಹವನ್ನಾದರೋ ನಾವು ಕಂಡಿರುವುದು ಕೆಲವೇ ರಾತ್ರಿಗಳು. ದೂರದರ್ಶಕದಲ್ಲಿ ಅದು ಒಂದು ಬೆಳಕಿನ ಚುಕ್ಕೆ. ಯಾವ ದಿಕ್ಕಿನಲ್ಲಿದೆಯೆಂಬುದು ತಿಳಿಯುತ್ತದೆಯೇ ಹೊರತು ಎಷ್ಟು ದೂರದಲ್ಲಿದೆಯೆಂಬುದು ನೇರವಾಗಿ ತಿಳಿಯದು. ಕಂಡ ಅಲ್ಪಭಾಗದಿಂದ ಇಡೀ ಕಕ್ಷೆಯನ್ನು ಊಹಿಸಬೇಕು. ಈ ವಿದ್ಯೆ ಹಳೆಯದು. ೧೮೦೧ರ ಜನವರಿ ೧ರಂದು ಸಿಸಿಲಿಯಲ್ಲಿ ಪಿಯಾಜಿ ಎಂಬಾತನು ಸೀರಿಸನ್ನು ಕಂಡನು. ೪೧ ದಿನಗಳ ತರುವಾಯ ಅದು ಕಣ್ಮರೆಯಾಯಿತು. ಜರ್ಮನಿಯ ತರುಣ ಗಣಿತಜ್ಞ ಗೌಸನು ಆ ಸ್ವಲ್ಪ ವೀಕ್ಷಣೆಗಳಿಂದಲೇ ಕಕ್ಷೆಯನ್ನು ಗಣಿಸಿದನು. ವರ್ಷದ ಕೊನೆಯಲ್ಲಿ ಆತನು ಹೇಳಿದ ಸ್ಥಳದ ಬಳಿಯಲ್ಲಿಯೇ ಅದು ಮತ್ತೆ ಸಿಕ್ಕಿತು.

ಆದರೆ ವೀಕ್ಷಣೆಯಲ್ಲಿರುವ ಕೂದಲೆಳೆಯಷ್ಟು ಸಂದೇಹವೂ ಹತ್ತಾರು ವರ್ಷಗಳ ಮುಂದಕ್ಕೆ ಲೆಕ್ಕ ಹಾಕಿದರೆ ಲಕ್ಷಾಂತರ ಕಿಲೋಮೀಟರುಗಳಾಗಿ ಬೆಳೆಯುತ್ತದೆ. ಆ ದಿನ ಕಲ್ಲು ಇರಬಹುದಾದ ಸ್ಥಳವು ಒಂದು ಬಿಂದುವಲ್ಲ, ಉದ್ದನೆಯ ಪಟ್ಟಿ. ಅದರೊಳಗೆ ಭೂಮಿಗೆ ಸಲ್ಲುವ ಪಾಲೇ ಸಂಭಾವ್ಯತೆ.

ಇಲ್ಲಿ ಒಂದು ವಿಚಿತ್ರವುಂಟು. ನೂರು ಗಡಿಗೆಗಳಲ್ಲಿ ಎಲ್ಲಿಯೋ ಒಂದು ಉಂಗುರ ಬಿದ್ದಿದೆ ಎನ್ನೋಣ. ಬಾಗಿಲ ಬಳಿಯ ಗಡಿಗೆಯಲ್ಲಿ ಅದಿರುವ ಸಂಭವ ನೂರಕ್ಕೆ ಒಂದು. ಬೇರೆ ಐವತ್ತನ್ನು ಬರಿದು ಮಾಡಿ ನೋಡಿದರೂ ಸಿಕ್ಕಲಿಲ್ಲ. ಈಗ ಸಂಭವ ಐವತ್ತಕ್ಕೆ ಒಂದು. ಉಂಗುರ ಕದಲಲಿಲ್ಲ, ನಮ್ಮ ಅಜ್ಞಾನ ಕಡಮೆಯಾಯಿತು, ಅಷ್ಟೆ. ಕೊನೆಗೆ ಬೇರೊಂದು ಗಡಿಗೆಯಲ್ಲಿ ಉಂಗುರ ಸಿಕ್ಕಿದೊಡನೆ ಆ ಅಂಕಿ ಸೊನ್ನೆಗಿಳಿಯುತ್ತದೆ. ಕ್ಷುದ್ರಗ್ರಹದ ಅಂಕಿ ಏರಿ ಇಳಿಯುವುದೂ ಹೀಗೆಯೇ.

೨೦೦೪ರಲ್ಲಿ ಕಂಡ ಅಪೋಫಿಸ್ ಇದಕ್ಕೆ ನಿದರ್ಶನ. ಆ ಡಿಸೆಂಬರಿನಲ್ಲಿ, ೨೦೨೯ರ ಏಪ್ರಿಲ್ ೧೩ರಂದು ಅದು ತಾಗುವ ಸಂಭವ ನೂರಕ್ಕೆ ೨.೭ರವರೆಗೆ ಏರಿತು. ಅಷ್ಟರಲ್ಲಿ, ಅದೇ ವರ್ಷದ ಮಾರ್ಚಿಯಲ್ಲಿ ಯಾರ ಗಮನಕ್ಕೂ ಬಾರದೆ ಅದು ಮೂಡಿದ್ದ ಹಳೆಯ ಚಿತ್ರಗಳು ದೊರೆತು, ಆ ಭಯ ನೀಗಿತು. ೨೦೨೧ರ ರೇಡಾರ್ ವೀಕ್ಷಣೆಯು ಮುಂದಿನ ನೂರು ವರ್ಷಗಳವರೆಗೂ ಅಪಾಯವಿಲ್ಲವೆಂದು ತೋರಿಸಿತು. ಆ ದಿನ ಅದು ನೆಲದಿಂದ ಸುಮಾರು ೩೨,೦೦೦ ಕಿಲೋಮೀಟರು ದೂರದಲ್ಲಿ ಹಾದುಹೋಗತಕ್ಕದ್ದು. ೨೦೨೪ರ ಡಿಸೆಂಬರಿನಲ್ಲಿ ಕಂಡ ‘೨೦೨೪ ವೈಆರ್ ೪’ ಎಂಬುದರ ಅಂಕಿಯೂ ೨೦೨೫ರ ಫೆಬ್ರವರಿಯಲ್ಲಿ ನೂರಕ್ಕೆ ೩.೧ಕ್ಕೆ ಏರಿ, ಕೆಲವೇ ದಿನಗಳಲ್ಲಿ ಕುಸಿಯಿತು.

ಹಾಗಾದರೆ ಈ ಎಚ್ಚರಿಕೆಗಳೆಲ್ಲ ಹುಸಿಯೆ? ಅಲ್ಲ. ೨೦೦೮ರ ಅಕ್ಟೋಬರ್ ೬ರಂದು ಕಂಡ ಒಂದು ಸಣ್ಣ ಕಲ್ಲು ಸೂಡಾನಿನ ಮರುಭೂಮಿಯ ಮೇಲೆ ಬೀಳುವುದೆಂದು ಗಣಿಸಲಾಯಿತು. ಮರುದಿನ ಅಲ್ಲಿಯೇ ಬಿದ್ದಿತು. ಆದರೆ ೨೦೧೩ರ ಫೆಬ್ರವರಿ ೧೫ರಂದು ರಷ್ಯದ ಚೆಲ್ಯಾಬಿನ್‌ಸ್ಕ್ ಮೇಲೆ ಸಿಡಿದ ಕಲ್ಲು ಸೂರ್ಯನ ದಿಕ್ಕಿನಿಂದ ಬಂದುದರಿಂದ ಯಾರಿಗೂ ಮುಂಚೆ ಕಾಣಲಿಲ್ಲ. ಸುಮಾರು ೧,೫೦೦ ಮಂದಿ ಗಾಯಗೊಂಡರು, ಬಹುಮಟ್ಟಿಗೆ ಒಡೆದ ಕಿಟಕಿಯ ಗಾಜಿನಿಂದ.

ಆದುದರಿಂದ ನಾವು ಅಂಜಬೇಕಾದದ್ದು ಏರಿಳಿಯುವ ಅಂಕಿಗಲ್ಲ, ಅಂಕಿಯೇ ಇಲ್ಲದ ಕಲ್ಲಿಗೆ. ಮುಂಚಿತವಾಗಿ ತಿಳಿದರೆ ಉಪಾಯವುಂಟು: ೨೦೨೨ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೌಕೆಯೊಂದು ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಬಡಿದು, ಅದರ ಪರಿಭ್ರಮಣ ಕಾಲವನ್ನು ಅರ್ಧ ಗಂಟೆಗೂ ಮೀರಿ ಕುಗ್ಗಿಸಿತು. ಮುಂದಿನ ಬಾರಿ ‘ನೂರಕ್ಕೆ ಮೂರು’ ಎಂಬ ವಾರ್ತೆ ಬಂದಾಗ ನಾವು ಗಾಬರಿಯಾಗುವುದೂ ಬೇಡ, ನಗುವುದೂ ಬೇಡ. ಇನ್ನೂ ಕೆಲವು ರಾತ್ರಿಗಳ ವೀಕ್ಷಣೆಗೆ ಕಾಯೋಣ.