ಕಣ್ಣು ಸರಿ ಇತ್ತು, ಮೆದುಳು ಕಲಿತಿರಲಿಲ್ಲ

ಮೊದಲ ಕೆಲಸ ಸಿಕ್ಕಾಗ ಮೆಡಿಕಲ್ ಟೆಸ್ಟ್‌ಗೆ ಕಳಿಸಿದ್ದರು. ರಕ್ತ, ಬಿಪಿ, ಎಕ್ಸ್‌ರೇ ಎಲ್ಲ ಮುಗಿದು ಕೊನೆಗೆ ಕಣ್ಣಿನ ಚಾರ್ಟ್. ಬಲಗಣ್ಣಿನಿಂದ ಕೊನೆಯ ಸಾಲಿನವರೆಗೂ ಪಟಪಟ ಓದಿದೆ. ‘ಈಗ ಅದನ್ನ ಮುಚ್ಚಿ, ಎಡಗಣ್ಣಲ್ಲಿ ಓದಿ’ ಅಂದರು. ಮುಚ್ಚಿದೆ. ಮೇಲಿನ ದೊಡ್ಡ ಅಕ್ಷರಗಳನ್ನು ಬಿಟ್ಟರೆ ಉಳಿದದ್ದೆಲ್ಲ ಮಸುಕು. ಡಾಕ್ಟರು ಒಂದಾದ ಮೇಲೊಂದು ಲೆನ್ಸ್ ಬದಲಿಸಿದರು. ಹೆಚ್ಚೇನೂ ಸುಧಾರಿಸಲಿಲ್ಲ.

ಆಗ ನನಗೆ 22 ವರ್ಷ. ಅಷ್ಟು ವರ್ಷ ಒಂದೇ ಕಣ್ಣಿನಿಂದ ಜಗತ್ತು ನೋಡಿದ್ದೆ, ಗೊತ್ತೇ ಆಗಿರಲಿಲ್ಲ!

‘ಚಿಕ್ಕಂದಿನಿಂದ ಈ ಕಣ್ಣಿಗೆ ಪವರ್ ಜಾಸ್ತಿ ಇತ್ತು. ಮಸುಕು ಚಿತ್ರ ಬೇಡ ಅಂತ ಮೆದುಳು ಇದನ್ನ ಪಕ್ಕಕ್ಕಿಟ್ಟುಬಿಟ್ಟಿದೆ. ಈ ಕಣ್ಣಿಂದ ನೋಡೋದನ್ನ ಅದು ಕಲಿತೇ ಇಲ್ಲ. ಐದಾರು ವರ್ಷ ಇದ್ದಾಗ ಬಂದಿದ್ರೆ...’ ಅಂತ ಡಾಕ್ಟರು ಮಾತು ಅಲ್ಲಿಗೇ ನಿಲ್ಲಿಸಿದರು.

ಬ್ಯಾಡಗಿಯ ಓಣಿಯಲ್ಲಿ ಕ್ರಿಕೆಟ್ ಆಡುವಾಗ ನಾನು ಕ್ಯಾಚ್ ಬಿಟ್ಟಾಗಲೆಲ್ಲ ಗೆಳೆಯರು ‘ಕೈಗೆ ಎಣ್ಣಿ ಹಚ್ಕೊಂಡು ಬಂದೀಯೇನ್ಲೇ’ ಅಂತಿದ್ದರು. ಲೋಟಕ್ಕೆ ಚಹಾ ಸುರಿದರೆ ಅರ್ಧ ತಟ್ಟೆಗೆ. ‘ಲಕ್ಷ್ಯ ಇಲ್ಲ ಇವಂಗ’ ಅಂತ ಅವ್ವನ ಬೈಗುಳ. ಲಕ್ಷ್ಯ ಇತ್ತು. ಎರಡು ಕಣ್ಣು ಒಟ್ಟಿಗೆ ಕೆಲಸ ಮಾಡಿದರೆ ಮಾತ್ರ ಚೆನ್ನಾಗಿ ಸಿಗುವ ದೂರದ ಅಂದಾಜು ಇರಲಿಲ್ಲ. ಇದಕ್ಕೆ ಆಂಬ್ಲಿಯೋಪಿಯಾ ಅನ್ನುತ್ತಾರೆ, ಆಡುಮಾತಲ್ಲಿ ‘ಸೋಮಾರಿ ಕಣ್ಣು’. ಪಾಪ, ಕಣ್ಣಿನದೇನೂ ಸೋಮಾರಿತನವಿಲ್ಲ.

ಆ ‘ಐದಾರು ವರ್ಷ’ ಎಂಬ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅಷ್ಟರೊಳಗೆ ಮೆದುಳಿನಲ್ಲಿ ಮುಚ್ಚಿಹೋಗುವ ಬಾಗಿಲು ಯಾವುದು? ಹುಡುಕುತ್ತಾ ಹೋದಾಗ ಸಿಕ್ಕ ಒಂದು ಉತ್ತರ: ಬಲೆ.

ಉಳ್ಳಾಗಡ್ಡಿ ಚೀಲದಂಥದ್ದು

ಸಂತೆಯಲ್ಲಿ ಉಳ್ಳಾಗಡ್ಡಿ ತುಂಬುವ ಕೆಂಪು ಜಾಳಿಗೆ ಚೀಲ ನೋಡಿದ್ದೀರಲ್ಲ? ನಮ್ಮ ಮೆದುಳಿನ ಕೆಲವು ನರಕೋಶಗಳ ಸುತ್ತ ಅಂಥದ್ದೇ ಒಂದು ಜಾಳಿಗೆ ಇರುತ್ತದೆ. ಹೆಸರು ಪೆರಿನ್ಯೂರೋನಲ್ ನೆಟ್. ಬೇರೆ ನರಕೋಶಗಳಿಂದ ಬರುವ ಸಂಪರ್ಕದ ತುದಿಗಳು ಈ ಜಾಳಿಗೆಯ ತೂತುಗಳಲ್ಲೇ ಬಂದು ಕೂರಬೇಕು. ಹೊಸ ಸಂಪರ್ಕಕ್ಕೆ ಸುಲಭಕ್ಕೆ ಜಾಗವಿಲ್ಲ, ಹಳೆಯದು ಸುಲಭಕ್ಕೆ ಕದಲುವುದಿಲ್ಲ.

ಇಟಲಿಯ ಕಮಿಲ್ಲೋ ಗಾಲ್ಜಿ ಇದನ್ನು 1898ರಲ್ಲೇ ವಿವರಿಸಿದ್ದ. ಅವನ ಜತೆ 1906ರ ನೊಬೆಲ್ ಹಂಚಿಕೊಂಡ ಸ್ಪೇನಿನ ರಮೋನ್ ಇ ಕಹಾಲ್ ಮಾತ್ರ ಇದು ಅಂಗಾಂಶಕ್ಕೆ ರಾಸಾಯನಿಕ ಹಾಕಿದ್ದರಿಂದ ಕಂಡ ಭ್ರಮೆ ಎಂದು ತಳ್ಳಿಹಾಕಿದ. ಬಲೆ ಬಹುಕಾಲ ಮೂಲೆಗುಂಪಾಯಿತು.

ಇದು ಯಾವುದರಿಂದ ಆಗಿದೆ ಗೊತ್ತಾ? ಹಯಲುರೋನಿಕ್ ಆಸಿಡ್‌ನ ಉದ್ದ ಎಳೆಗಳು, ಅವಕ್ಕೆ ಅಂಟಿಕೊಂಡ ಕಾಂಡ್ರಾಯ್ಟಿನ್ ಸಲ್ಫೇಟ್ ಹೊತ್ತ ಪ್ರೋಟೀನುಗಳು. ಮೊದಲನೆಯದು ನಿಮ್ಮ ಫೇಸ್ ಸೀರಮ್ ಬಾಟಲಿಯ ಮೇಲೆ ಬರೆದಿರುತ್ತದೆ, ಎರಡನೆಯದು ಮಂಡಿನೋವಿನ ಮಾತ್ರೆಯ ಪಟ್ಟಿಯಲ್ಲಿ. ಮಂಡಿಯ ಮೆದುಮೂಳೆ ಕಟ್ಟುವ ಸಾಮಾನಿನಿಂದಲೇ ಪ್ರಕೃತಿ ಮೆದುಳಿನ ಬಲೆಯನ್ನೂ ನೇಯ್ದಿದೆ.

ಮೆದುಳಿನ ಹೊರಪದರದಲ್ಲಿ ಈ ಬಲೆ ಹೆಚ್ಚಾಗಿ ಸುತ್ತಿಕೊಳ್ಳುವುದು ‘ಬ್ರೇಕ್’ ಹಾಕುವ ನರಕೋಶಗಳನ್ನು. ಉಳಿದ ಕೋಶಗಳ ಗದ್ದಲವನ್ನು ಹತೋಟಿಯಲ್ಲಿಡುವ, ಬಲು ವೇಗವಾಗಿ ಸಿಡಿಯುವ ಕೋಶಗಳಿವು. ಹುಟ್ಟಿದಾಗ ಬಲೆ ಇರುವುದಿಲ್ಲ. ಮಗು ನೋಡಿ, ಕೇಳಿ, ಮುಟ್ಟಿ ಕಲಿಯುತ್ತಾ ಹೋದಂತೆ ಹೆಣೆದುಕೊಳ್ಳುತ್ತದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕೆಂದರೆ ಇದು ರಿಲೀಸ್‌ಗೆ ಮುಂಚಿನ ಕೋಡ್ ಫ್ರೀಜ್. ಇಷ್ಟು ದಿನ ಬರೆದದ್ದು ಚೆನ್ನಾಗಿ ಓಡುತ್ತಿದೆ, ಇನ್ನು ಯಾರೂ ಕೈ ಹಾಕಬೇಡಿ ಅಂತ. ನನ್ನ ಎಡಗಣ್ಣಿನ ಕೋಡ್ ಬರೆಯುವ ಮೊದಲೇ ಫ್ರೀಜ್ ಆಗಿತ್ತು!

ನಾನು ಎರಡನೇ ಕ್ಲಾಸಿನಲ್ಲಿದ್ದಾಗ

ಬೆಕ್ಕಿನ ಮರಿಯ ಒಂದು ಕಣ್ಣನ್ನು ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಮುಚ್ಚಿಟ್ಟರೆ, ಆಮೇಲೆ ತೆರೆದರೂ ಮೆದುಳು ಆ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೊಡ್ಡ ಬೆಕ್ಕಿಗೆ ಹೀಗೆ ಮಾಡಿದರೆ ಅಂಥ ನಷ್ಟವಿಲ್ಲ. 1960ರ ದಶಕದಲ್ಲಿ ಇದನ್ನು ತೋರಿಸಿದ ಹ್ಯೂಬೆಲ್ ಮತ್ತು ವೀಸೆಲ್ 1981ರಲ್ಲಿ ನೊಬೆಲ್ ಪಡೆದರು. ಕಲಿಕೆಗೆ ಗಡುವಿದೆ ಅಂತ ಗೊತ್ತಾಯಿತು. ಗಡುವು ಹಾಕುವವರು ಯಾರು ಎಂಬುದು ಗೊತ್ತಿರಲಿಲ್ಲ.

2002ರಲ್ಲಿ ಇಟಲಿಯ ಟೊಮ್ಮಾಸೊ ಪಿಟ್ಸೊರುಸ್ಸೊ ತಂಡ ಬೆಳೆದ ಇಲಿಗಳ ಮೆದುಳಿನ ದೃಷ್ಟಿಭಾಗಕ್ಕೆ ಕಾಂಡ್ರಾಯ್ಟಿನೇಸ್ ಎಂಬ ಕಿಣ್ವ ಕೊಟ್ಟಿತು. ಬಲೆಯನ್ನು ಕರಗಿಸುವ ಕಿಣ್ವ ಅದು. ಗಡುವು ಮುಗಿದಿದ್ದ ಮೆದುಳು ಮತ್ತೆ ಮರಿಯ ಮೆದುಳಿನಂತೆ ಬದಲಾಗತೊಡಗಿತು. 2006ರಲ್ಲಿ ಇನ್ನೊಂದು ಹೆಜ್ಜೆ: ಮರಿಯಾಗಿದ್ದಾಗಲೇ ಒಂದು ಕಣ್ಣು ಮಂದವಾಗಿದ್ದ ದೊಡ್ಡ ಇಲಿಗಳಿಗೆ ಈ ಕಿಣ್ವ ಕೊಟ್ಟು, ಒಳ್ಳೆಯ ಕಣ್ಣನ್ನು ಮುಚ್ಚಿದಾಗ ಮಂದ ಕಣ್ಣಿನ ದೃಷ್ಟಿ ಮರಳಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2002ರಲ್ಲಿ ನಾನು ಏಳು ವರ್ಷದ ಹುಡುಗ, ಎರಡನೇ ಕ್ಲಾಸು. ಅಲ್ಲೆಲ್ಲೋ ಇಲಿಗಳ ಬಾಗಿಲು ತೆರೆಯುತ್ತಿದ್ದಾಗ ಇಲ್ಲಿ ನನ್ನ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು.

ಹೋರಿಯ ಗಂಟೆ

ಬಲೆ ಇರುವುದು ಕಣ್ಣಿನ ಭಾಗದಲ್ಲಿ ಮಾತ್ರ ಅಲ್ಲ. ಭಯವನ್ನು ಕಲಿಯುವ ಅಮಿಗ್ಡಲಾದಲ್ಲೂ ಇದೆ.

ನಮ್ಮ ಹಾವೇರಿ ಕಡೆ ದೀಪಾವಳಿ ಅಂದರೆ ಹೋರಿ ಹಬ್ಬ. ಕೊಬ್ಬರಿ ಹಾರ, ಬಲೂನು, ಗಂಟೆ ಕಟ್ಟಿಕೊಂಡ ಹೋರಿ ಜನರ ನಡುವೆ ನುಗ್ಗುತ್ತದೆ. ಒಂಬತ್ತು ವರ್ಷದವನಿದ್ದಾಗ ಒಂದು ಹೋರಿ ನನ್ನನ್ನು ಗೋಡೆಗೆ ಒತ್ತಿ ಓಡಿತ್ತು. ಗಾಯ ವಾರದಲ್ಲಿ ಮಾಯ್ತು. ಇಂದಿಗೂ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಲ್ಲೋ ಗಂಟೆ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ.

2009ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದು ಇದಕ್ಕೆ ಬೆಳಕು ಹಿಡಿಯಿತು. ತೀರಾ ಚಿಕ್ಕ ಮರಿಗಳಲ್ಲಿ ಭಯದ ನೆನಪನ್ನು ಅಭ್ಯಾಸದಿಂದ ಪೂರ್ತಿ ಅಳಿಸಬಹುದು. ಮೂರು ವಾರದ ಹೊತ್ತಿಗೆ ಅಮಿಗ್ಡಲಾದಲ್ಲಿ ಬಲೆ ಮೂಡುತ್ತದೆ. ಆಮೇಲೆ ಭಯ ಅಡಗುತ್ತದೆ, ಅಳಿಯುವುದಿಲ್ಲ. ಬಲೆ ಕರಗಿಸಿದ ಮೇಲೆ ಕಲಿತ ಹೊಸ ಭಯವನ್ನು ದೊಡ್ಡ ಇಲಿಗಳಲ್ಲೂ ಅಳಿಸಲು ಸಾಧ್ಯವಾಯಿತು. ಮೊದಲೇ ಕೂತಿದ್ದ ಭಯಕ್ಕೆ ಮಾತ್ರ ಅದು ಮದ್ದಾಗಲಿಲ್ಲ.

ಬಲೆಯ ಮೇಲೆ ಅಲ್ಲದಿದ್ದರೂ ಇದೇ ಅಮಿಗ್ಡಲಾದ ಮೇಲೆ ನಮ್ಮ ಬೆಂಗಳೂರಿನಲ್ಲಿ ದೊಡ್ಡ ಕೆಲಸ ನಡೆದಿದೆ. ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು 2002ರಲ್ಲೇ ತೋರಿಸಿದ್ದು ಇದು: ಹತ್ತು ದಿನ ಒತ್ತಡಕ್ಕೆ ಸಿಕ್ಕ ಇಲಿಗಳಲ್ಲಿ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನ ನರಕೋಶದ ಕೊಂಬೆಗಳು ಕುಗ್ಗಿದರೆ, ಅಮಿಗ್ಡಲಾದ ಕೊಂಬೆಗಳು ಹಬ್ಬುತ್ತವೆ. 21 ದಿನ ಆರಾಮಾಗಿ ಬಿಟ್ಟರೂ ಅಮಿಗ್ಡಲಾದ ಬೆಳವಣಿಗೆ ಹಿಂದಕ್ಕೆ ಬರಲಿಲ್ಲ ಎಂದು 2004ರಲ್ಲಿ ಕಂಡರು. ಡೆಡ್‌ಲೈನ್ ಮುಗಿದರೂ ಆತಂಕ ಯಾಕೆ ಮುಗಿಯುವುದಿಲ್ಲ ಅಂತ ಕೇಳುವವರು ಇದನ್ನು ನೆನಪಿಡಬಹುದು.

ಆಯಿಯ ಬೆರಳು

ನಮ್ಮ ಆಯಿ ಟಿವಿ ನೋಡುತ್ತಲೇ ಮೆಣಸಿನಕಾಯಿ ತೊಟ್ಟು ಮುರಿಯುತ್ತಾಳೆ. ಕಣ್ಣು ಧಾರಾವಾಹಿ ಮೇಲೆ, ಬೆರಳು ಕಾಯಿ ಮೇಲೆ. ಒಂದೂ ತಪ್ಪುವುದಿಲ್ಲ. ‘ಹೆಂಗ ಆಯಿ?’ ಅಂದರೆ ‘ನನಗೇನ ಗೊತ್ತೋ ತಮ್ಮಾ, ಕೈಗ ಗೊತ್ತೈತಿ’ ಅನ್ನುತ್ತಾಳೆ.

ಕೈಗೆ ಗೊತ್ತಿರುವುದು ಎಲ್ಲಿ ಉಳಿಯುತ್ತದೆ? ಚಲನೆಯ ಲಯ ಹಿಡಿಯುವ ಸೆರೆಬೆಲ್ಲಮ್ ಎಂಬ ಕಿರುಮೆದುಳಿನ ಆಳದಲ್ಲೂ ದಟ್ಟ ಬಲೆಗಳಿವೆ. 2020ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ ಒಂದು ಸಂಕೇತ ಕೊಟ್ಟು, ಹಿಂದೆಯೇ ಕಣ್ಣಿಗೆ ಗಾಳಿ ಊದುತ್ತಿದ್ದರು. ಕೆಲವು ದಿನಗಳಲ್ಲಿ ಇಲಿ ಸಂಕೇತಕ್ಕೇ ಕಣ್ಣು ಮುಚ್ಚಲು ಕಲಿಯುತ್ತದೆ. ಕಲಿಯುವ ಹೊತ್ತಿನಲ್ಲಿ ಬಲೆ ತಾನಾಗಿಯೇ ಸಡಿಲವಾಯಿತು, ಕಲಿತ ಮೇಲೆ ಮತ್ತೆ ಬಿಗಿಯಾಯಿತು. ಕಿಣ್ವದಿಂದ ಬಲೆ ಕರಗಿಸಿದಾಗ ಇಲಿಗಳು ಇನ್ನೂ ಚೆನ್ನಾಗಿ ಕಲಿತವು. ಆದರೆ ಕಲಿತದ್ದು ಸರಿಯಾಗಿ ಉಳಿಯಲಿಲ್ಲ.

ನನಗೆ ಇಡೀ ಕತೆಯ ತಿರುಳು ಇದೇ ಅನ್ನಿಸಿತು. ಬೇಗ ಕಲಿಯಬೇಕೆಂದರೆ ಬಲೆ ಸಡಿಲ ಇರಬೇಕು. ಕಲಿತದ್ದು ಉಳಿಯಬೇಕೆಂದರೆ ಬಿಗಿಯಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

2008ರ ನೊಬೆಲ್ ವಿಜೇತ ರೋಜರ್ ಚೆನ್ 2013ರಲ್ಲಿ ಇನ್ನೂ ಮುಂದೆ ಹೋಗಿ, ಬಹುಕಾಲದ ನೆನಪುಗಳು ಈ ಬಲೆಯ ತೂತುಗಳ ವಿನ್ಯಾಸದಲ್ಲೇ ಅಡಗಿರಬಹುದು ಎಂದು ಊಹಿಸಿದರು. ನರಕೋಶದೊಳಗಿನ ಪ್ರೋಟೀನುಗಳು ದಿನ, ವಾರಗಳಲ್ಲಿ ಸವೆದು ಬದಲಾಗುತ್ತಿದ್ದರೆ ಬಾಲ್ಯದ ನೆನಪು ಎಂಬತ್ತು ವರ್ಷ ಉಳಿಯಲು ಬಾಳಿಕೆಯ ವಸ್ತು ಬೇಕಲ್ಲ? ಹಳೇ ಕಂಪ್ಯೂಟರಿನ ಪಂಚ್ ಕಾರ್ಡ್ ಇದ್ದ ಹಾಗೆ. ಇದು ಇನ್ನೂ ಊಹೆಯೇ, ಆದರೆ ಚೆಂದದ ಊಹೆ.

ಹರಿದುಹಾಕಿದರೆ ಆಯ್ತಲ್ಲ?

ನಾನೂ ಹಾಗೇ ಯೋಚಿಸಿದ್ದೆ. ಒಂದು ಇಂಜೆಕ್ಷನ್, ಎಡಗಣ್ಣು ಸರಿ! ಅಷ್ಟು ಸಲೀಸಿಲ್ಲ. ಕಿಣ್ವವನ್ನು ನೇರ ಮೆದುಳಿಗೇ ಚುಚ್ಚಬೇಕು. ಅಲ್ಲದೆ ಬಲೆ ಹೋದರೆ ಬ್ರೇಕ್ ಸಡಿಲವಾಗುತ್ತದೆ. ಮೆದುಳಿನ ಗಡ್ಡೆಯ ಸುತ್ತ ಬಲೆ ನಾಶವಾದಾಗ ಬ್ರೇಕ್ ಕೋಶಗಳು ವೇಗ ಕಳೆದುಕೊಳ್ಳುತ್ತವೆ, ಅಲ್ಲಿ ಮೂರ್ಛೆರೋಗದ ಸೆಳೆತಕ್ಕೆ ಅದೂ ಒಂದು ಕಾರಣ ಎಂದು 2018ರ ಇಲಿಗಳ ಅಧ್ಯಯನ ತೋರಿಸಿದೆ. ಹಾಗಂತ ಸೀರಮ್ ಹಚ್ಚಿಕೊಂಡರೆ, ಕಾಂಡ್ರಾಯ್ಟಿನ್ ಮಾತ್ರೆ ನುಂಗಿದರೆ ಮೆದುಳಿನ ಬಲೆಗೆ ಏನಾದರೂ ಆದೀತು ಅಂತಲೂ ನಂಬಬೇಡಿ. ‘ಬ್ರೇನ್ ಬೂಸ್ಟರ್’ ಜಾಹೀರಾತಿನವರಿಗೆ ಈ ವಿಷಯ ಸಿಗದಿರಲಿ!

ಕೈಯಲ್ಲಿರುವ ಮದ್ದು ಹಳೆಯದು: ಬಲೆ ಗಟ್ಟಿಯಾಗುವ ಮುಂಚೆ ಹಿಡಿಯುವುದು.

ಅಕ್ಕನ ಮಗಳು

ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗಳ ಜತೆ ಕಣ್ಣುಮುಚ್ಚಾಲೆ ಆಡುತ್ತಿದ್ದೆ. ಆಗವಳಿಗೆ ನಾಲ್ಕೂವರೆ. ಎಡಗಣ್ಣಿನ ಮೇಲೆ ಕೈಯಿಟ್ಟರೆ ನಗುತ್ತಾ ಕಾರ್ಟೂನ್ ನೋಡಿದಳು. ಬಲಗಣ್ಣಿನ ಮೇಲಿಟ್ಟೆ. ‘ಮಾಮಾ, ಕೈ ತೆಗಿ!’ ಅಂತ ಕೊಸರಾಡಿದಳು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

‘ಅಕಿ ಚೊಲೊ ನೋಡ್ತಾಳ ಬಿಡೋ’ ಅಂದಳು ಅಕ್ಕ. ‘ಹೆಣ್ಣು ಹುಡುಗಿಗೆ ಈಗಲೇ ಚಷ್ಮಾ ಯಾಕ?’ ಅಂದಳು ಅವ್ವ. ನಾನು ನನ್ನ ಬಲಗಣ್ಣು ಮುಚ್ಚಿಕೊಂಡೆ. ‘ಅವ್ವಾ, ಈಗ ನಿನ್ನ ಮುಖ ನನಗ ಸರಿಯಾಗಿ ಕಾಣಸೂದಿಲ್ಲ’ ಅಂದೆ. ಆಮೇಲೆ ಯಾರೂ ಮಾತಾಡಲಿಲ್ಲ. ಆ ವಾರವೇ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಬಳಿ ಹೋದೆವು.

ಚಷ್ಮಾ ಬಂತು. ದಿನಕ್ಕೆ ಎರಡು ತಾಸು ಒಳ್ಳೆಯ ಕಣ್ಣಿಗೆ ಪಟ್ಟಿ. ಏಳು ವರ್ಷದೊಳಗಿನ ಮಕ್ಕಳಲ್ಲಿ ದೋಷ ಮಧ್ಯಮವಾಗಿದ್ದರೆ ಎರಡು ತಾಸಿನ ಪಟ್ಟಿ ಆರು ತಾಸಿನಷ್ಟೇ ಕೆಲಸ ಮಾಡುತ್ತದೆ ಎಂದು ಅಮೆರಿಕದ 2003ರ ಅಧ್ಯಯನ ಹೇಳಿದೆ. ಎಷ್ಟು ಹೊತ್ತು ಅನ್ನುವುದನ್ನು ಡಾಕ್ಟರೇ ನಿರ್ಧರಿಸಬೇಕು. ಮೊದಲ ತಿಂಗಳು ಮನೆ ರಣರಂಗ: ಅವಳು ಕೀಳೋದು, ಅಕ್ಕ ಹಚ್ಚೋದು. ಈಗ ಅವಳ ಎಡಗಣ್ಣು ಚಾರ್ಟಿನಲ್ಲಿ ನಾಲ್ಕು ಸಾಲು ಕೆಳಗೆ ಇಳಿದಿದೆ. ಕಳೆದ ಸಲ ನಾನು ಎಸೆದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದಳು.

ತಡವಾಯಿತು ಅಂತ ಕೈಚೆಲ್ಲಬೇಕಿಲ್ಲ. 2005ರ ಅಧ್ಯಯನದಲ್ಲಿ 7ರಿಂದ 12 ವರ್ಷದ ಮಕ್ಕಳಲ್ಲಿ ಬರೀ ಕನ್ನಡಕದಿಂದ ಶೇ 25ರಷ್ಟು ಮಂದಿ ಸುಧಾರಿಸಿದರೆ, ಪಟ್ಟಿ ಮತ್ತಿತರ ಚಿಕಿತ್ಸೆ ಸೇರಿದಾಗ ಶೇ 53. ಮೊದಲು ಪಟ್ಟಿಯ ಚಿಕಿತ್ಸೆ ಪಡೆಯದ 13ರಿಂದ 17ರ ಹುಡುಗರಲ್ಲೂ ಶೇ 20ಕ್ಕೆ ಎದುರಾಗಿ ಶೇ 47.

ನಿಮ್ಮ ಮನೆಯಲ್ಲಿ, ಅಣ್ಣ-ಅಕ್ಕಂದಿರ ಮನೆಯಲ್ಲಿ ಮೂರು ವರ್ಷ ದಾಟಿದ ಮಗು ಇದ್ದರೆ ಈ ಭಾನುವಾರ ಈ ಆಟ ಆಡಿ. ಒಂದೊಂದೇ ಕಣ್ಣು ಮುಚ್ಚಿ, ದೂರದ ಚಿತ್ರ ಕೇಳಿ. ಒಂದು ಕಡೆ ಮುಚ್ಚಿದಾಗ ಮಾತ್ರ ಮಗು ಕೊಸರಾಡಿದರೆ ತಡಮಾಡಬೇಡಿ. ಆಟದಲ್ಲಿ ಏನೂ ಕಾಣದಿದ್ದರೂ ಶಾಲೆ ಸೇರುವ ಮುಂಚೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಮಗು ತಾನಾಗಿ ಬಂದು ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ. ಎಲ್ಲರಿಗೂ ಜಗತ್ತು ಹೀಗೇ ಕಾಣುತ್ತದೆ ಅಂದುಕೊಂಡಿದ್ದೆ.