ಕೊಳವೆಗಿಂತ ಪೀಠವೇ ಮೊದಲು
ಆಕಾಶದ ಛಾಯಾಚಿತ್ರ ತೆಗೆಯಬಯಸುವ ಹೋಟೆಲು ಬಂಧುಗಳಿಗೆ ಕೆಲವು ಮಾತು

ಕಳೆದ ದೀಪಾವಳಿಯ ಮರುವಾರ, ಮಾಟುಂಗಾ ಕಡೆಯ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿರುವ ತರುಣನೊಬ್ಬನು ನಮ್ಮ ಕಾರ್ಯಾಲಯದ ಮೆಟ್ಟಿಲು ಹತ್ತಿ ಬಂದನು. ಊರು ಕುಂದಾಪುರದ ಕಡೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹದ ಗದ್ದಲ ಆರಂಭವಾಗುವುದಕ್ಕೆ ಮುನ್ನ ದೊರೆಯುವ ಎರಡು ತಾಸಿನ ಬಿಡುವಿನಲ್ಲಿ ಬಂದವನು. ಕೈಯಲ್ಲಿ ಒಂದು ಜಾಹೀರಾತಿನ ಹಾಳೆ ಇದ್ದಿತು. ಮೂರು ವರ್ಷಗಳ ಬಕ್ಷೀಸು, ಬೋನಸ್ಸು, ರಜಾದಿನದ ದುಡಿಮೆಯ ಹಣ ಎಲ್ಲವನ್ನೂ ಸೇರಿಸಿ ಐವತ್ತು ಸಾವಿರ ರೂಪಾಯಿ ಕೂಡಿಟ್ಟಿರುವುದಾಗಿಯೂ, ಅದರಲ್ಲೊಂದು ದೂರದರ್ಶಕವನ್ನು ಕೊಂಡು ನಕ್ಷತ್ರಗಳ ಛಾಯಾಚಿತ್ರ ತೆಗೆಯಬೇಕೆಂಬ ಆಸೆಯಿರುವುದಾಗಿಯೂ ಹೇಳಿದನು. ಹೋಟೆಲಿನ ಗಲ್ಲಾ ಬಿಟ್ಟು ಲೇಖನಿ ಹಿಡಿದ ಮೇಲೂ ನಾವು ಆಕಾಶ ನೋಡುವ ಹುಚ್ಚನ್ನು ಬಿಟ್ಟಿಲ್ಲವೆಂಬುದು ಅವನಿಗೆ ಯಾರಿಂದಲೋ ತಿಳಿದಿತ್ತು.

“ಧಣಿ, ಇದರಲ್ಲಿ 525 ಪಟ್ಟು ದೊಡ್ಡದಾಗಿ ಕಾಣುತ್ತದಂತೆ. ತೆಗೆದುಕೊಳ್ಳಲೆ?”

“ತಮ್ಮಾ, ಅದು ನಿಲ್ಲುವುದು ಯಾವುದರ ಮೇಲೆ?” ಎಂದು ನಾವು ಕೇಳಿದೆವು.

ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದನು. ಆ ಸಂಗತಿಯನ್ನು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಚಿತ್ರದಲ್ಲಿ ಮಾತ್ರ ಬೆರಳು ಗಾತ್ರದ ಮೂರು ಕಾಲುಗಳು ಕಾಣುತ್ತಿದ್ದವು.

ಇದನ್ನು ಕೇಳುವ ಬುದ್ಧಿ ನಮಗೇನೂ ಹುಟ್ಟಿನಿಂದ ಬಂದುದಲ್ಲ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವೂ ಇಂತಹದೇ ಒಂದು ಹಾಳೆಯನ್ನು ನಂಬಿ, ಆರಂಗುಲದ ಕನ್ನಡಿಯುಳ್ಳ ಉದ್ದನೆಯ ಕೊಳವೆಯೊಂದನ್ನು ತರಿಸಿದ್ದೆವು. ಕೊಳವೆಯಲ್ಲಿ ದೋಷವಿರಲಿಲ್ಲ. ಅದರ ಕಾಲುಗಳಾದರೋ ಅಲ್ಯೂಮಿನಿಯಮ್ ತಗಡಿನವು. ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕಿ, ಲೆಕ್ಕ ಮುಗಿಸಿ, ಕಟ್ಟಡದ ತಾರಸಿಗೆ ಹೋಗಿ ಚಂದ್ರನ ಕಡೆಗೆ ತಿರುಗಿಸಿದರೆ, ತಿರುಪನ್ನು ಮುಟ್ಟಿದೊಡನೆಯೇ ಚಂದ್ರನು ಎಂಟು ಸೆಕೆಂಡುಗಳವರೆಗೆ ನಡುಗುತ್ತಿದ್ದನು. ಕೆಮರಾ ಕಟ್ಟಿ ಅರ್ಧ ನಿಮಿಷ ಬೆಳಕು ಬೀಳಿಸಿದ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಖಾರಾಸೇವೆಯ ತುಂಡುಗಳಂತೆ ಬಂದಿದ್ದವು. ನಮ್ಮ ಅಡಿಗೆಯ ಭಟ್ಟರು ಅದನ್ನು ನೋಡಿ, “ಕಾಲು ಅಲ್ಲಾಡುವ ಮೇಜಿನ ಮೇಲೆ ಕಾಫಿ ಇಟ್ಟ ಹಾಗಾಯಿತಲ್ಲ, ಧಣಿ” ಎಂದರು. ಮೇಜಿನ ಕಾಲಿಗೆ ಕಾಗದ ಮಡಿಸಿ ಕೊಡುವ ಉಪಾಯ ನಮಗೆ ತಿಳಿದಿತ್ತು. ದೂರದರ್ಶಕಕ್ಕೆ ಅದು ಸಾಲಲಿಲ್ಲ. ಆ ಕೊಳವೆ ಎರಡು ಮಳೆಗಾಲ ಅಟ್ಟದಲ್ಲಿ ಬಿದ್ದಿದ್ದು, ಕೊನೆಗೆ ತೆತ್ತ ಬೆಲೆಯ ಕಾಲುಭಾಗಕ್ಕೆ ಹೋಯಿತು.

ದೂರದರ್ಶಕವನ್ನು ಹೊತ್ತು ನಿಲ್ಲುವ ಈ ಪೀಠಕ್ಕೆ ಅಂಗಡಿಯವರ ಮಾತಿನಲ್ಲಿ ‘ಮೌಂಟ್’ ಎನ್ನುತ್ತಾರೆ. ಕಣ್ಣಿನಿಂದ ನೋಡುವವನಿಗೆ ಪೀಠವು ಕೊಂಚ ದುರ್ಬಲವಾಗಿದ್ದರೂ ನಡೆದೀತು. ಛಾಯಾಚಿತ್ರಗಾರನಿಗೆ ಎಂದಿಗೂ ನಡೆಯದು. ಕಾರಣವು ಸರಳವಾಗಿದೆ. ಭೂಮಿಯು 23 ಗಂಟೆ 56 ನಿಮಿಷಗಳಲ್ಲಿ ಒಂದು ಸುತ್ತು ತಿರುಗುವುದರಿಂದ, ಆಕಾಶವು ನಮ್ಮ ತಲೆಯ ಮೇಲೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯುತ್ತಿರುತ್ತದೆ. ಪೂರ್ಣಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಎರಡು ನಿಮಿಷಗಳಲ್ಲಿ ಒಂದು ಚಂದ್ರನಷ್ಟು ದೂರ. ಮಂದವಾದ ನೀಹಾರಿಕೆಯ ಬೆಳಕು ಕೆಮರಾದಲ್ಲಿ ಸಂಗ್ರಹವಾಗಲು ನಿಮಿಷಗಟ್ಟಲೆ ಹೊತ್ತು ಬೇಕು. ಅಷ್ಟು ಹೊತ್ತೂ ಕೆಮರಾವು ಭೂಮಿಯ ತಿರುಗುವಿಕೆಗೆ ಎದುರಾಗಿ, ಅದೇ ವೇಗದಲ್ಲಿ, ತೂಕಡಿಸದೆ ತಿರುಗುತ್ತಿರಬೇಕು. ಇದಿಷ್ಟೇ ಪೀಠದ ಕೆಲಸ. ಆದರೆ ಇದಿಷ್ಟನ್ನು ಚೆನ್ನಾಗಿ ಮಾಡುವ ಪೀಠವು ಕೊಳವೆಗಿಂತ ಹೆಚ್ಚು ಬೆಲೆ ಬಾಳುತ್ತದೆ.

ಈ ಕೆಲಸಕ್ಕೆ ಹಾದಿ ಹಾಕಿಕೊಟ್ಟವನು ಜರ್ಮನಿಯ ಜೋಸೆಫ್ ಫ್ರೌನ್‌ಹೋಫರ್. ಹನ್ನೊಂದನೆಯ ವಯಸ್ಸಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಮ್ಯೂನಿಚ್ ನಗರದ ಗಾಜಿನ ಕೆಲಸದವನೊಬ್ಬನ ಬಳಿ ಹುಡುಗಾಳಾಗಿ ದುಡಿದವನು. 1801ರಲ್ಲಿ ಆ ಮನೆಯೇ ಕುಸಿದುಬಿದ್ದು, ಅವನನ್ನು ಅವಶೇಷಗಳ ಅಡಿಯಿಂದ ಜೀವಸಹಿತ ಎತ್ತಿದರು. ಊರು ಬಿಟ್ಟು ಬಂದು, ಹಗಲೆಲ್ಲ ಮೇಜು ಒರೆಸಿ ರಾತ್ರಿಶಾಲೆಯಲ್ಲಿ ಓದಿದ ನಮ್ಮವರಿಗೆ ಇವನ ಕಥೆ ತೀರ ದೂರದ್ದೆನಿಸಲಾರದು. ಇಂದಿನ ಎಸ್ಟೋನಿಯಾ ದೇಶದಲ್ಲಿರುವ ಡೋರ್ಪಾಟ್ ವೇಧಶಾಲೆಗಾಗಿ 1824ರಲ್ಲಿ ಅವನು ನಿರ್ಮಿಸಿದ ದೂರದರ್ಶಕದ ಪೀಠದಲ್ಲಿ ಒಂದು ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆಯಾಗಿದ್ದಿತು. ತೂಕದಿಂದ ನಡೆಯುವ ಗಡಿಯಾರದ ಯಂತ್ರವು ಆ ಒಂದೇ ಅಕ್ಷವನ್ನು ತಿರುಗಿಸಿದರೆ ನಕ್ಷತ್ರವು ದೃಷ್ಟಿಯಿಂದ ಜಾರದೆ ನಿಲ್ಲುತ್ತಿತ್ತು. ಇಂದಿಗೂ ಅಂಗಡಿಯಲ್ಲಿ ‘ಜರ್ಮನ್ ಈಕ್ವಟೋರಿಯಲ್’ ಎಂದು ಮಾರುವುದು ಈ ಕ್ರಮದ ಪೀಠವನ್ನೇ. ಮುಂದೆ 1850ರಲ್ಲಿ ಹಾರ್ವರ್ಡ್ ವೇಧಶಾಲೆಯಲ್ಲಿ ಬಾಂಡ್ ಮತ್ತು ವಿಪಲ್ ಎಂಬವರು ಅಭಿಜಿತ್ ನಕ್ಷತ್ರದ ಛಾಯಾಚಿತ್ರವನ್ನು ಪಡೆದರು. 1880ರಲ್ಲಿ ಹೆನ್ರಿ ಡ್ರೇಪರ್ ಮಹಾವ್ಯಾಧನ ನೀಹಾರಿಕೆಯನ್ನು 51 ನಿಮಿಷಗಳ ಕಾಲ ಹಿಡಿದು ನಿಲ್ಲಿಸಿ ಅದರ ಮೊದಲ ಚಿತ್ರವನ್ನು ತೆಗೆದನು. ಐವತ್ತೊಂದು ನಿಮಿಷ! ನಮ್ಮ ತಗಡಿನ ಕಾಲುಗಳು ಐದು ಸೆಕೆಂಡು ನಿಂತಿದ್ದಿಲ್ಲ.

ಇನ್ನೊಂದು ಜಾತಿಯ ಪೀಠವಿದೆ. ಅದು ಮೇಲೆ-ಕೆಳಗೆ ಮತ್ತು ಎಡಕ್ಕೆ-ಬಲಕ್ಕೆ ತಿರುಗುವಂತಹದು. ಕಟ್ಟುವುದಕ್ಕೆ ಸುಲಭ, ನೋಡುವುದಕ್ಕೂ ಸುಖ. ಅದಕ್ಕೆ ಮೋಟಾರು ಹಾಕಿದರೆ ನಕ್ಷತ್ರವನ್ನು ನಡುವಿನಲ್ಲಿ ಹಿಡಿದೇನೋ ಇಡುತ್ತದೆ. ಆದರೆ ಹೊತ್ತು ಕಳೆದಂತೆ ಸುತ್ತಲಿನ ನಕ್ಷತ್ರಗಳೆಲ್ಲ ಚಿತ್ರದೊಳಗೆ ಗಾಣದ ಎತ್ತಿನಂತೆ ನಿಧಾನವಾಗಿ ಸುತ್ತತೊಡಗುತ್ತವೆ. ಲಡಾಖಿನ ಹಾನ್ಲೆಯಲ್ಲಿರುವ, ನಮ್ಮ ಬೆಂಗಳೂರಿನ ಸಮೀಪದ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸಲ್ಪಡುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವು ಇದೇ ಜಾತಿಯ ಪೀಠದ ಮೇಲಿದೆ. ಆದರೆ ದೊಡ್ಡ ವೇಧಶಾಲೆಗಳಲ್ಲಿ ಈ ಸುತ್ತನ್ನು ಸರಿಪಡಿಸುವುದಕ್ಕೆಂದೇ ಬೇರೆ ಯಂತ್ರವಿರುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಗೊಂಡ 2.34 ಮೀಟರಿನ ವೇಣು ಬಾಪು ದೂರದರ್ಶಕವಾದರೋ ಓರೆ ಅಕ್ಷದ್ದು. ಮೊದಲ ಬಾರಿಗೆ ಕೊಳ್ಳುವ ನಮ್ಮಂತಹವರಿಗೆ ಛಾಯಾಚಿತ್ರದ ಮಟ್ಟಿಗೆ ಓರೆ ಅಕ್ಷವೇ ಲೇಸು.

ಕೊಳ್ಳುವಾಗ ನೋಡತಕ್ಕ ಸಂಗತಿಗಳಲ್ಲಿ ಮೊದಲನೆಯದು ಭಾರ. ಈ ಪೀಠ 10 ಕಿಲೋ ಹೊರುತ್ತದೆ ಎಂದು ಬರೆದಿದ್ದರೆ ಅದು ಕಣ್ಣಿನಿಂದ ನೋಡುವವರಿಗಾಗಿ ಹೇಳಿದ ಮಾತೆಂದು ತಿಳಿಯತಕ್ಕದ್ದು. ಛಾಯಾಚಿತ್ರಕ್ಕೆ ಅದರ ಅರ್ಧ, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು ಹೊರಿಸಬಹುದು. ಆ ತೂಕದಲ್ಲಿ ಕೊಳವೆ, ಕೆಮರಾ, ಕ್ಲಾಂಪು, ವೈರು ಎಲ್ಲವೂ ಸೇರಬೇಕು. ಎದುರುತೂಕದ ಗುಂಡುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ತಟ್ಟೆ ಹೊರಬಲ್ಲ ಹುಡುಗನ ಕೈಗೆ ಎಂಟು ತಟ್ಟೆ ಕೊಟ್ಟರೆ ಅವನು ಒಯ್ದಾನು. ಸಾರು ಚೆಲ್ಲದೆ ಒಯ್ಯಲಾರ.

ಎರಡನೆಯದು ಒಳಗಿನ ಹಲ್ಲಿನ ಚಕ್ರ. ಸಾಮಾನ್ಯ ಪೀಠದಲ್ಲಿ ಒಂದು ತಿರುಪು ಹಲ್ಲಿನ ಚಕ್ರವನ್ನು ನೂಕುತ್ತಿರುತ್ತದೆ. ಚಕ್ರಕ್ಕೆ 180 ಹಲ್ಲುಗಳಿದ್ದರೆ ತಿರುಪು ಸುಮಾರು ಎಂಟು ನಿಮಿಷಕ್ಕೊಂದು ಸುತ್ತು ಬರುತ್ತದೆ. ತಿರುಪಿನಲ್ಲಿ ಕೂದಲೆಳೆಯಷ್ಟು ಓರೆಕೋರೆಯಿದ್ದರೂ ಪ್ರತಿ ಎಂಟು ನಿಮಿಷಕ್ಕೊಮ್ಮೆ ನಕ್ಷತ್ರವು ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಇದನ್ನು ತಿದ್ದಲು ಪಕ್ಕದಲ್ಲೊಂದು ಸಣ್ಣ ದೂರದರ್ಶಕ ಮತ್ತು ಕಾವಲು ಕೆಮರಾ ಇಟ್ಟು, ಒಂದು ನಕ್ಷತ್ರವನ್ನು ಸದಾ ನೋಡುತ್ತ, ಅದು ಸರಿದೊಡನೆ ಮೋಟಾರಿಗೆ ಅಪ್ಪಣೆ ಕೊಡುವ ಏರ್ಪಾಡು ಈಗ ಬಳಕೆಯಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಎದುರುತೂಕವೇ ಬೇಡದ ಹಗುರಾದ ‘ಹಾರ್ಮೋನಿಕ್’ ಪೀಠಗಳು ಬಂದಿವೆ. ಕರ್ಜತ್ ಲೋಕಲ್ಲಿನ ಜನಜಂಗುಳಿಯಲ್ಲಿ ಹೊತ್ತೊಯ್ಯುವವನಿಗೆ ಅವು ವರವೇ ಸರಿ. ಆದರೆ ಅವುಗಳ ತೂಗಾಟ ದೊಡ್ಡದಾದುದರಿಂದ ಕಾವಲು ಕೆಮರಾ ಇಲ್ಲದೆ ಅವನ್ನು ಕೊಂಡರೆ ನಿರಾಶೆಯಾದೀತು.

ಮೂರನೆಯದನ್ನು ವಿಲಾಯತಿ ಪುಸ್ತಕಗಳು ಹೇಳುವುದು ಕಡಿಮೆ. ಓರೆ ಅಕ್ಷವನ್ನು ಎಷ್ಟು ಬಾಗಿಸಬೇಕೆಂಬುದು ನಾವಿರುವ ಊರಿನ ಅಕ್ಷಾಂಶದ ಮೇಲೆ ನಿಂತಿದೆ. ದೆಹಲಿಯವರಿಗೆ ಇಪ್ಪತ್ತೆಂಟೂವರೆ ಡಿಗ್ರಿ, ಮುಂಬಯಿಯಲ್ಲಿ 19, ಪುಣೆಯಲ್ಲಿ ಹದಿನೆಂಟೂವರೆ, ಹೈದರಾಬಾದಿನಲ್ಲಿ ಸುಮಾರು ಹದಿನೇಳೂವರೆ, ಮದರಾಸೆಂದು ನಾವು ಇನ್ನೂ ಬಾಯಿತಪ್ಪಿ ಕರೆಯುವ ಚೆನ್ನೈಯಲ್ಲಿ 13. ಕೆಲವು ಪೀಠಗಳು 15 ಡಿಗ್ರಿಗಿಂತ ಕೆಳಕ್ಕೆ ಬಾಗುವುದೇ ಇಲ್ಲ! ಚೆನ್ನೈಯ ವಾಚಕರೂ, ರಜೆಯಲ್ಲಿ ಉಡುಪಿಗೋ ಬೆಂಗಳೂರಿಗೋ ಒಯ್ಯುವವರೂ ಹಣ ಎಣಿಸುವ ಮೊದಲು ಇದನ್ನು ಕೇಳಿ ತಿಳಿಯತಕ್ಕದ್ದು. ಅಷ್ಟು ಬಾಗಿಸಿದಾಗ ಎದುರುತೂಕದ ಗುಂಡು ಮುಕ್ಕಾಲಿಯ ಕಾಲಿಗೆ ಬಡಿಯುವುದೂ ಉಂಟು. ಅಂಗಡಿಯಲ್ಲೇ ತಿರುಗಿಸಿ ನೋಡುವುದಕ್ಕೆ ನಾಚಿಕೆಪಡಬೇಕಾಗಿಲ್ಲ. ಜೊತೆಗೆ ಕೊಳವೆಗೆ ಬೆರಳಿನಿಂದ ಮೆಲ್ಲನೆ ತಟ್ಟಿ, ನಡುಕ ಎಷ್ಟು ಸೆಕೆಂಡಿಗೆ ಅಡಗುತ್ತದೆಂದು ಎಣಿಸಿರಿ. ಒಂದೆರಡರಲ್ಲಿ ಅಡಗಿದರೆ ಒಳ್ಳೆಯದು.

ಕೊಂಡ ಮೇಲಿನ ಕೆಲಸವೂ ಕಡಿಮೆಯಲ್ಲ. ಮುಕ್ಕಾಲಿಯ ಕಾಲುಗಳನ್ನು ಪೂರ್ತಿ ಎಳೆಯಬಾರದು, ಗಿಡ್ಡಾದಷ್ಟೂ ಗಟ್ಟಿ. ನಡುವಿನಲ್ಲಿ ನೀರಿನ ಕ್ಯಾನೊಂದನ್ನು ತೂಗುಬಿಟ್ಟರೆ ಗಾಳಿಗೆ ಅಲುಗದು. ತಾರಸಿಯಲ್ಲಾದರೆ ಲಿಫ್ಟಿನ ಮೋಟಾರು ಮತ್ತು ನೀರಿನ ಪಂಪುಗಳಿಂದ ದೂರವಿರಬೇಕು. ಬಳಿಕ ಎರಡು ಅಕ್ಷಗಳನ್ನೂ ಸಡಿಲಿಸಿ, ತಕ್ಕಡಿಯಂತೆ ಸಮತೂಕ ಮಾಡಿ, ಪೂರ್ವದ ಕಡೆಗೆ ಮಾತ್ರ ಕೂದಲಷ್ಟು ಭಾರ ಹೆಚ್ಚಾಗಿರಿಸಿದರೆ ಹಲ್ಲುಗಳು ಒಂದಕ್ಕೊಂದು ಒತ್ತಿ ನಿಂತು ಸಡಿಲವಾಡುವುದಿಲ್ಲ.

ಅತಿ ಮುಖ್ಯವಾದುದು ಓರೆ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದು. ಧ್ರುವ ನಕ್ಷತ್ರವು ನಿಜವಾದ ಧ್ರುವದಲ್ಲಿಯೇ ಇದೆಯೆಂದು ನಾವೆಲ್ಲ ಬಾಲ್ಯದಿಂದ ನಂಬಿದ್ದೇವೆ. ಅದು ಅಲ್ಲಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದೆ. ಧ್ರುವನೂ ಅಲುಗುತ್ತಾನೆಂದು ನಮ್ಮ ತಾಯಿಯವರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ಪೀಠದೊಳಗಿನ ಸಣ್ಣ ದುರ್ಬೀನಿನಲ್ಲಿ ಕೊರೆದ ವೃತ್ತದ ಯಾವ ಅಂಕೆಯ ಬಳಿ ಅವನನ್ನು ನಿಲ್ಲಿಸಬೇಕೆಂಬುದನ್ನು ಈಗ ಮೊಬೈಲು ಫೋನೇ ತೋರಿಸುತ್ತದೆ.

ಮುಂಬಯಿಯಲ್ಲಿ ಹತ್ತೊಂಬತ್ತೇ ಡಿಗ್ರಿ ಎತ್ತರದ ಆ ಧ್ರುವನು ಪಕ್ಕದ ಕಟ್ಟಡದ ಹಿಂದೆಯೋ ಹೊಗೆಯಲ್ಲಿಯೋ ಅಡಗಿರುತ್ತಾನೆ. ಆಗ ಹಳೆಯ ಉಪಾಯವೊಂದಿದೆ. ದಕ್ಷಿಣೋತ್ತರ ರೇಖೆಯ ಮೇಲೆ, ಆಕಾಶದ ವಿಷುವದ್ವೃತ್ತದ ಸಮೀಪದಲ್ಲಿರುವ ನಕ್ಷತ್ರವೊಂದನ್ನು ನಡುವಿನಲ್ಲಿ ಹಿಡಿದು ಕೆಲವು ನಿಮಿಷ ಕಾಯಬೇಕು. ಅದು ದಕ್ಷಿಣಕ್ಕೆ ಸರಿದರೆ ಅಕ್ಷವು ಪೂರ್ವಕ್ಕೆ ಹೆಚ್ಚು ತಿರುಗಿದೆಯೆಂದೂ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ ತಿರುಗಿದೆಯೆಂದೂ ಅರ್ಥ. ಅನಂತರ ಪೂರ್ವದಿಕ್ಕಿನ ನಕ್ಷತ್ರವೊಂದನ್ನು ಹಿಡಿಯಬೇಕು. ಅದು ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಸರಿದರೆ ಎತ್ತರವಾಗಿದೆ. ಮೊದಮೊದಲು ಒಂದು ತಾಸು ಹಿಡಿಯುತ್ತದೆ. ದೋಸೆಯ ಕಾವಲಿಯ ಹದ ತಿಳಿಯುವುದಕ್ಕೂ ಅಷ್ಟು ತಾಳ್ಮೆ ಬೇಕಲ್ಲವೆ?

ಜೂನ್‌ನಿಂದ ಸೆಪ್ಟೆಂಬರವರೆಗೆ ಮುಂಬಯಿಯಲ್ಲಿ ಆಕಾಶದ ಆಸೆ ಬಿಡಬೇಕು. ಪೀಠವನ್ನು ಒರೆಸಿ, ತೇವ ಹೀರುವ ಪುಡಿಯೊಡನೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ತಿಂಗಳಿಗೊಮ್ಮೆ ತೆಗೆದು ತಿರುಗಿಸದಿದ್ದರೆ ಕಡಲ ಗಾಳಿಗೆ ತಿರುಪುಗಳು ತುಕ್ಕು ಹಿಡಿಯುತ್ತವೆ.

ಆ ತರುಣನಿಗೆ ನಾವು ಕೊಟ್ಟ ಸಲಹೆ, ಈಗ ದೂರದರ್ಶಕವನ್ನೇ ಕೊಳ್ಳಬೇಡ ಎಂಬುದು. ಅವನ ಮುಖ ಬಾಡಿತು. ಸುಭದ್ರವಾದ ಪೀಠ ಮತ್ತು ಕೊಳವೆ ಎರಡೂ ಆ ಹಣಕ್ಕೆ ಬಾರವು. ಆದರೆ ಕೆಮರಾವನ್ನೂ ಲೆನ್ಸನ್ನೂ ಮಾತ್ರ ಹೊತ್ತು ಆಕಾಶದೊಡನೆ ತಿರುಗುವ ‘ಸ್ಟಾರ್ ಟ್ರಾಕರ್’ ಎಂಬ ಪುಟ್ಟ ಪೀಠವು ಅದರೊಳಗೆ ಬರುತ್ತದೆ. ಅವನ ಬಳಿ ಸೆಕೆಂಡ್‌ಹ್ಯಾಂಡ್ ಕೆಮರಾ, 85 ಮಿಲಿಮೀಟರ್ ಲೆನ್ಸು ಮೊದಲೇ ಇದ್ದವು. ಒಂದು ವಾರ ಯೋಚಿಸಿ ಅದನ್ನೇ ಕೊಂಡನು.

ಜನವರಿಯ ಅಮಾವಾಸ್ಯೆಯ ಹತ್ತಿರದ ಶನಿವಾರ, ಮುಂಬಯಿಯ ಹವ್ಯಾಸಿಗಳು ಬಹುಕಾಲದಿಂದ ಹೋಗುತ್ತಿರುವ ವಾಂಗಣಿಗೆ ಅವನೊಡನೆ ನಾವೂ ಹೋದೆವು. ಗುರಿಯಿಡುವುದಕ್ಕೆ ಮುಕ್ಕಾಲು ತಾಸು ಬೇಕಾಯಿತು. ಒಂದೊಂದು ನಿಮಿಷದ ನಲವತ್ತು ಚಿತ್ರಗಳನ್ನು ತೆಗೆಯುವುದೆಂದು ನಿಶ್ಚಯ. ಹದಿನೆಂಟರ ಬಳಿಕ, ಚಹದ ಫ್ಲಾಸ್ಕನ್ನು ಕೊಡಲು ಹೋಗಿ ಮುಕ್ಕಾಲಿಯನ್ನು ಒದ್ದವರು ನಾವೇ. ಅವನು ಏನೂ ಅನ್ನದೆ ಮತ್ತೆ ಧ್ರುವನನ್ನು ಹುಡುಕಿ ನಿಲ್ಲಿಸಿದನು. ಉಳಿದವೂ ಒಂದೊಂದಾಗಿ ಬಂದವು. ಅವೆಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದಾಗ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಸಾಬಕ್ಕಿಯ ಕಾಳಿನಂತೆ ದುಂಡಗೆ, ಅವುಗಳ ಕೆಳಗೆ ನೀಹಾರಿಕೆಯ ನಸುಗೆಂಪು ಮಬ್ಬು ಸ್ಪಷ್ಟವಾಗಿ ಮೂಡಿದ್ದವು. ಗದ್ದೆಯ ಅಂಚಿನಲ್ಲಿ ಮಲಗಿ ಚಿಕ್ಕಂದಿನಲ್ಲಿ ನೋಡಿದ ಆ ಮೂರನ್ನು, ಮುಂಬಯಿಗೆ ಬಂದ ಮೇಲೆ ತಾನು ಸರಿಯಾಗಿ ಕಂಡಿರಲಿಲ್ಲವೆಂದು ಅವನು ಹೇಳಿದನು. ಮೊದಲ ಪ್ರತಿಯನ್ನು ಊರಿಗೆ ಅಂಚೆಯಲ್ಲಿ ಕಳುಹಿಸಿದನು.

ಮೊನ್ನೆ ಮತ್ತೆ ಬಂದಿದ್ದನು, ಕೈಯಲ್ಲಿ ಇನ್ನೊಂದು ಹಾಳೆ. ಕೊಳವೆಯ ಚಿತ್ರವನ್ನು ಅಂಗೈಯಿಂದ ಮುಚ್ಚಿ, ಕೆಳಗಿನ ಸಾಲನ್ನು ತೋರಿಸಿ, “ಧಣಿ, 13 ಕಿಲೋ ಎಂದು ಬರೆದಿದ್ದಾರೆ. ಆರೂವರೆ ಎಂದು ತಿಳಿಯಲೆ?” ಎಂದು ಕೇಳಿದನು. ಇನ್ನೂ ಎರಡು ವರ್ಷ ಕೂಡಿಡಬೇಕಂತೆ. ನಾಲ್ಕು ಗಂಟೆ ಬಡಿದುದರಿಂದ ಹೆಚ್ಚು ಮಾತಿಗೆ ನಿಲ್ಲದೆ ಹೋಟೆಲಿಗೆ ಓಡಿದನು.